ದೊಗಳೆ ಸೆಕೆಂಡ್‌ಹ್ಯಾಂಡ್ ಬ್ಲೇಜರ್: ಟೈಲರ್ ಹತ್ತಿರ ಒಯ್ಯಬೇಕೋ, ಅಲ್ಲೇ ಬಿಟ್ಟು ಬರಬೇಕೋ? ಪದೇ ಪದೇ ಕೇಳುವ ಪ್ರಶ್ನೆಗಳು

ಮಾತಿನ ನಡುವೆ, ಪತ್ರಗಳಲ್ಲಿ, ಪ್ರತಿಕ್ರಿಯೆಗಳಲ್ಲಿ ಮತ್ತೆ ಮತ್ತೆ ಬಂದ ಪ್ರಶ್ನೆಗಳನ್ನು ಕೇಳಿದವರ ಮಾತಿನಲ್ಲೇ ಇಟ್ಟಿದ್ದೇವೆ. ಅಳತೆ ಎಲ್ಲ ಇಂಚಿನಲ್ಲಿದೆ, ಟೈಲರ್ ಟೇಪಿನ ಭಾಷೆ ಅದೇ. 1 ಇಂಚು ಎಂದರೆ ಸುಮಾರು 2.5 ಸೆಂ.ಮೀ. ‘ಹಿಡಿಸುವುದು’ ಎಂದರೆ ಹೊಲಿಗೆಯನ್ನು ಒಳಗೆ ಸರಿಸಿ ಬಿಗಿ ಮಾಡಿಸುವುದು, ‘ಬಿಡಿಸುವುದು’ ಎಂದರೆ ಒಳಗಿರುವ ಬಟ್ಟೆ ಬಿಚ್ಚಿ ಸಡಿಲ ಮಾಡಿಸುವುದು.

## ಕೊಳ್ಳುವ ಮುಂಚೆ

ಬ್ಲೇಜರ್ ಬಹಳ ಚೆನ್ನಾಗಿದೆ, ಆದರೆ ನನಗೆ ದೊಗಳೆ. ಮೊದಲು ಏನು ನೋಡಲಿ?

ಭುಜ. ಎದೆ, ಸೊಂಟ, ತೋಳು ಎಲ್ಲ ಆಮೇಲೆ. ಬ್ಲೇಜರಿನ ಭಾರವೆಲ್ಲ ಭುಜದ ಮೇಲೆ. ಅಲ್ಲಿ ಕೂರದಿದ್ದರೆ ಕೆಳಗೆ ಎಷ್ಟು ಹಿಡಿಸಿದರೂ ಅಣ್ಣನ ಕೋಟನ್ನು ತಮ್ಮ ಹಾಕಿಕೊಂಡಂತೆ ಕಾಣುತ್ತದೆ.

ಭುಜ ಆದಮೇಲೆ ಉದ್ದ, ಅದಾದಮೇಲೆ ಕಂಕುಳಿನ ಎತ್ತರ. ಈ ಮೂರು ಸೂಜಿದಾರಕ್ಕೆ ಸುಲಭವಾಗಿ ಬಗ್ಗುವುದಿಲ್ಲ. ತೋಳಿನ ಉದ್ದ, ಸೊಂಟದ ಸುತ್ತಳತೆ, ಗುಂಡಿ, ಲೈನಿಂಗಿನ (ಒಳಪದರದ ಬಟ್ಟೆಯ) ಸಣ್ಣ ಹರುಕು, ಇವೆಲ್ಲ ಆಗುವ ಕೆಲಸ. ಬಹಳ ಜನ ಇದನ್ನು ತಿರುಗಾಮುರುಗಾ ಮಾಡಿಕೊಳ್ಳುತ್ತಾರೆ: ತೋಳು ಉದ್ದವಾಯಿತು ಎಂದು ಒಳ್ಳೆಯ ಬ್ಲೇಜರ್ ಬಿಟ್ಟು ಬರುತ್ತಾರೆ, ಭುಜ ಒಂದು ಇಂಚು ಹೊರಗೆ ಜೋತಿದ್ದರೂ ‘ಟೈಲರ್ ಸರಿಮಾಡ್ತಾರೆ ಬಿಡು’ ಎಂದು ಕೊಂಡು ತರುತ್ತಾರೆ.

ಭುಜ ಸರಿ ಇದೆಯೋ ಇಲ್ಲವೋ ಕನ್ನಡಿಯಲ್ಲಿ ಗೊತ್ತೇ ಆಗಲ್ಲ. ಹೇಗೆ ನೋಡೋದು?

ಗೋಡೆಯನ್ನು ಕೇಳಿ. ಬ್ಲೇಜರ್ ಹಾಕಿಕೊಂಡು, ಕೈ ಇಳಿಬಿಟ್ಟು, ಗೋಡೆಗೆ ಪಕ್ಕವಾಗಿ ನಿಂತು ನಿಧಾನ ಗೋಡೆಯ ಕಡೆ ಸರಿಯಿರಿ. ತೋಳಿನ ಮೇಲ್ಭಾಗ ಮತ್ತು ಭುಜದ ಅಂಚು ಹೆಚ್ಚುಕಡಿಮೆ ಒಟ್ಟಿಗೆ ಗೋಡೆಗೆ ತಾಗಿದರೆ ಅಳತೆ ಸರಿ. ಕೈ ತಾಗುವ ಮೊದಲೇ ಭುಜದೊಳಗಿನ ಪ್ಯಾಡ್ (ಮೆತ್ತೆ) ತಾಗಿ ಮಡಚಿಕೊಂಡರೆ ಭುಜ ಅಗಲ.

ಎಷ್ಟು ಅಗಲ ಎಂದು ತಿಳಿಯಲು ಭುಜದ ತುದಿಯ ಮೂಳೆಯನ್ನು ಬೆರಳಿನಿಂದ ಒತ್ತಿ ಹುಡುಕಿ, ಅಲ್ಲಿಂದ ತೋಳು ಕೂಡಿಸಿದ ಹೊಲಿಗೆಯವರೆಗೆ ಟೇಪ್ ಹಿಡಿಯಿರಿ. ಕಾಲಿಂಚಿಗೆ ಚಿಂತೆಯಿಲ್ಲ. ಅರ್ಧ ಇಂಚು ಎಂದರೆ ಗಡಿ. ಮುಕ್ಕಾಲು ಮುಟ್ಟಿದರೆ, ಉಳಿದದ್ದೆಲ್ಲ ಎಷ್ಟೇ ಚೆನ್ನಾಗಿರಲಿ, ಅದು ಬೇರೆಯವರ ಬ್ಲೇಜರ್. ತೋಳಿನ ಮೇಲ್ಭಾಗದಲ್ಲಿ, ಹೊಲಿಗೆಯಿಂದ ಸ್ವಲ್ಪ ಕೆಳಗೆ ಗುಳಿ ಬಿದ್ದಿದೆಯೇ ಎಂದೂ ನೋಡಿ. ಪ್ಯಾಡ್ ಹೊರಗೆ ಚಾಚಿ ಕೆಳಗೆ ಕೈ ಇಲ್ಲದಿದ್ದಾಗ ಬಟ್ಟೆ ಅಲ್ಲಿ ಒಳಗೆ ಕುಸಿಯುತ್ತದೆ.

ಎಷ್ಟು ಸೈಜ್ ದೊಡ್ಡದಿದ್ದರೆ ಪರವಾಗಿಲ್ಲ?

ಒಂದು. ಕಣ್ಣುಮುಚ್ಚಿ ನಂಬಬಹುದಾದ ಉತ್ತರ ಅಷ್ಟೇ. ಬ್ರಿಟಿಷ್ ಮತ್ತು ಅಮೆರಿಕನ್ ಗಂಡಸರ ಸೈಜುಗಳಲ್ಲಿ 38, 40, 42 ಎನ್ನುವುದು ಎದೆಯ ಸುತ್ತಳತೆ, ಇಂಚಿನಲ್ಲಿ. ಯುರೋಪಿನ 48, 50, 52 ಎನ್ನುವುದು ಎದೆಯ ಸುತ್ತಳತೆಯ ಅರ್ಧ, ಸೆಂ.ಮೀ.ನಲ್ಲಿ. ಹಾಗಾಗಿ 40 ಮತ್ತು 50 ಹೆಚ್ಚುಕಡಿಮೆ ಒಂದೇ. ಒಂದು ಸೈಜ್ ಏರಿದರೆ ಎದೆ 2 ಇಂಚು ಏರುತ್ತದೆ, ಭುಜದ ಒಟ್ಟು ಅಗಲ ಸಾಮಾನ್ಯವಾಗಿ ಸುಮಾರು ಅರ್ಧ ಇಂಚು, ಅಂದರೆ ಒಂದೊಂದು ಕಡೆ ಕಾಲಿಂಚು.

ಇಲ್ಲೇ ಲೆಕ್ಕ ಬಿಚ್ಚಿಕೊಳ್ಳುತ್ತದೆ. ಒಂದು ಸೈಜ್ ದೊಡ್ಡದಾದರೆ ಭುಜ ಕಾಲಿಂಚು ಹೊರಗೆ, ನಡೆಯುತ್ತದೆ. ಎರಡು ಸೈಜಾದರೆ ಅರ್ಧ ಇಂಚು, ಗಡಿಯ ಮೇಲೆ. ಮೂರಾದರೆ ಬಿಟ್ಟುಬಿಡಿ. ಆದರೆ ಚೀಟಿಯ ಮೇಲಿನ ಅಂಕೆಗಿಂತ ಟೇಪನ್ನು ನಂಬಿ. ಹಿಂದೆ ಯಾರೋ ಹಿಡಿಸಿರಬಹುದು, ಬಿಡಿಸಿರಬಹುದು. ಹೆಂಗಸರ ಸೈಜಿನ ಅಂಕೆಗಳಂತೂ ಒಂದೊಂದು ಕಂಪನಿಯಲ್ಲಿ ಒಂದೊಂದು ಥರ.

ಆನ್‌ಲೈನ್‌ನಲ್ಲಿ ಅಳತೆ ಮಾತ್ರ ಕೊಟ್ಟಿದ್ದಾರೆ. ಹಾಕಿ ನೋಡದೆ ಹೇಗೆ ತೀರ್ಮಾನ ಮಾಡಲಿ?

ನಾಲ್ಕು ಅಳತೆ ಕೇಳಿ ತರಿಸಿಕೊಳ್ಳಿ, ಎಲ್ಲವೂ ಬ್ಲೇಜರನ್ನು ಗುಂಡಿ ಹಾಕಿ ನೆಲದ ಮೇಲೆ ಹರಡಿ ತೆಗೆದದ್ದಾಗಿರಲಿ: ಕಂಕುಳಿನಿಂದ ಕಂಕುಳಿಗೆ, ಬೆನ್ನಿನ ಕಡೆ ಒಂದು ತೋಳಿನ ಹೊಲಿಗೆಯಿಂದ ಇನ್ನೊಂದಕ್ಕೆ, ಕಾಲರಿನ ಬುಡದಿಂದ ಕೆಳಅಂಚಿಗೆ, ಭುಜದ ಹೊಲಿಗೆಯಿಂದ ತೋಳಿನ ತುದಿಗೆ.

ಒಂದು ಲೆಕ್ಕ ನೋಡೋಣ. ನಿಮ್ಮ ಎದೆ 38. ಬ್ಲೇಜರ್ ಕಂಕುಳಿನಿಂದ ಕಂಕುಳಿಗೆ 22, ಅಂದರೆ ಸುತ್ತಳತೆ 44. ಉಸಿರಾಡಲು, ಕೈ ಆಡಿಸಲು, ಒಳಗೆ ಅಂಗಿ ಇರಲು 4 ಇಂಚು ಸಡಿಲ ಬೇಕೇ ಬೇಕು. 38 ಮತ್ತು 4, 42. ಹೆಚ್ಚಾಗಿರುವುದು 2 ಇಂಚು. ಎದೆಯ ಹತ್ತಿರ 1.5 ಇಂಚು ತೆಗೆಸಿ, ಉಳಿದ ಅರ್ಧ ಸಡಿಲವಾಗಿರಲಿ ಎಂದು ಬಿಡಬಹುದು. ಇಲ್ಲಿಯವರೆಗೆ ಕೊಳ್ಳುವ ಹಾಗೇ ಇದೆ.

ಈಗ ಭುಜ. ನಿಮಗೆ ಚೆನ್ನಾಗಿ ಕೂರುವ ಅಂಗಿಯ ಭುಜ 17.5 ಎಂದುಕೊಳ್ಳಿ. ಬ್ಲೇಜರಿನದು ಅದಕ್ಕಿಂತ ಅರ್ಧ ಇಂಚು ಹೆಚ್ಚಿರುವುದು ಸಹಜ, ಅಂದರೆ 18. ಮಾರುವವರು 19.5 ಎಂದು ಬರೆದಿದ್ದಾರೆ. ಒಂದೊಂದು ಕಡೆ ಮುಕ್ಕಾಲು ಇಂಚು ಹೊರಗೆ. ಎದೆಯ ಲೆಕ್ಕ ಪಾಸು, ಭುಜದಲ್ಲಿ ನಪಾಸು, ಆದ್ದರಿಂದ ಬೇಡ. ಅದೇ ಬ್ಲೇಜರಿನ ಭುಜ 18.5 ಇದ್ದಿದ್ದರೆ ಕೊಂಡುಬಿಡಿ ಎನ್ನುತ್ತಿದ್ದೆವು.

ಬಟ್ಟೆ ಖರ್ಚಿಗೆ ತಕ್ಕುದೋ ಅಂತ ಹೇಗೆ ಗೊತ್ತಾಗುತ್ತೆ?

ಯಾವ ಬಟ್ಟೆ ಎಂದು ಬರೆದ ಚೀಟಿ ಒಳಜೇಬಿನೊಳಗೋ ಪಕ್ಕದ ಹೊಲಿಗೆಯಲ್ಲೋ ಇರುತ್ತದೆ. ಚೀಟಿ ಹೋಗಿದ್ದರೆ ತೋಳನ್ನು ಮುಷ್ಟಿಯಲ್ಲಿ ಹತ್ತು ಸೆಕೆಂಡು ಹಿಂಡಿ ಬಿಡಿ. ಉಣ್ಣೆಯ ಸುಕ್ಕು ಬಹುಪಾಲು ತಾನಾಗಿ ಬಿಚ್ಚಿಕೊಳ್ಳುತ್ತದೆ, ಲಿನನ್ ಮತ್ತು ಹತ್ತಿಯದು ನಿಲ್ಲುತ್ತದೆ. ಪಾಲಿಯೆಸ್ಟರ್ ಕೂಡ ಸುಕ್ಕಾಗದ ಕಾರಣ ಇದೊಂದರಿಂದಲೇ ತೀರ್ಮಾನ ಬೇಡ. ಕೊಂಡಮೇಲೆ ಖಚಿತ ಮಾಡಿಕೊಳ್ಳಬೇಕಿದ್ದರೆ ಒಳಹೊಲಿಗೆಯ ಅಂಚಿನಿಂದ ಒಂದೆಳೆ ಎಳೆದು, ಚಿಮಟದಲ್ಲಿ ಹಿಡಿದು, ಸಿಂಕಿನ ಮೇಲೆ ಸುಟ್ಟು ನೋಡಿ. ಉಣ್ಣೆ ಕೂದಲು ಸುಟ್ಟ ವಾಸನೆ ಬಿಟ್ಟು, ಬೆಂಕಿ ತೆಗೆದೊಡನೆ ಆರಿ, ಬೆರಳಿಗೆ ಪುಡಿಯಾಗುತ್ತದೆ. ಪಾಲಿಯೆಸ್ಟರ್ ಕರಗಿ ಗಟ್ಟಿ ಮಣಿಯಾಗುತ್ತದೆ. ಹತ್ತಿ, ಲಿನನ್ ಕಾಗದ ಸುಟ್ಟಂತೆ.

ಬಟ್ಟೆಯ ಜಾತಿಗಿಂತ ಅದರ ಆಯಸ್ಸು ಮುಖ್ಯ. ಮೊಣಕೈ, ತೋಳಿನ ತುದಿ, ಜೇಬಿನ ಬಾಯಿ, ಕಾಲರಿನ ಮಡಿಕೆ ಇವು ಮೊದಲು ಸವೆಯುವ ಜಾಗಗಳು. ಬೆಳಕಿಗೆ ಓರೆಯಾಗಿ ಹಿಡಿದಾಗ ಮೊಣಕೈ ಮಿರಮಿರ ಹೊಳೆದರೆ ಎಳೆಗಳು ಸವೆದಿವೆ ಎಂದರ್ಥ. ಹಬೆ ಕೊಟ್ಟರೆ ಹೊಳಪು ಸ್ವಲ್ಪ ಇಳಿಯುತ್ತದೆ, ಸವೆದದ್ದು ಮರಳಿ ಬರುವುದಿಲ್ಲ.

ಕ್ಯಾನ್ವಾಸ್ ಇದ್ದರೆ ಒಳ್ಳೆಯದು, ಫ್ಯೂಸಿಂಗ್ ಇದ್ದರೆ ಬೇಡ ಅಂತಾರೆ. ನಿಜವಾ?

ಅರ್ಧ ನಿಜ. ಬ್ಲೇಜರಿನ ಮುಂಭಾಗ ನೆಟ್ಟಗೆ ನಿಲ್ಲಲು ಒಳಗೊಂದು ಪದರ ಬೇಕು. ಕ್ಯಾನ್ವಾಸ್ ಆದರೆ ಅದನ್ನು ದಾರದಿಂದ ಹೊಲಿದಿರುತ್ತಾರೆ, ಫ್ಯೂಸಿಂಗ್ ಆದರೆ ಬಿಸಿಯಲ್ಲಿ ಅಂಟಿಸಿರುತ್ತಾರೆ. ಕೊನೆಯ ಕಾಜದ ಕೆಳಗೆ ಹೊರಬಟ್ಟೆಯನ್ನೂ ಒಳಬಟ್ಟೆಯನ್ನೂ ಎರಡು ಕೈಯ ಬೆರಳಲ್ಲಿ ಚಿವುಟಿ ಮೆಲ್ಲಗೆ ಬೇರ್ಪಡಿಸಿ. ನಡುವೆ ಮೂರನೆಯ ಪದರ ಬಿಡಿಯಾಗಿ ಜಾರಾಡಿದರೆ ಪೂರ್ತಿ ಕ್ಯಾನ್ವಾಸ್. ಅಲ್ಲಿ ಸಿಗದೆ ಎದೆಯ ಹತ್ತಿರ ಮಾತ್ರ ಸಿಕ್ಕರೆ ಅರ್ಧ ಕ್ಯಾನ್ವಾಸ್. ಎಲ್ಲೂ ಸಿಗದೆ ಹೊರಬಟ್ಟೆಯೇ ರಟ್ಟಿನಂತೆ ಬಿರುಸಾಗಿದ್ದರೆ ಫ್ಯೂಸಿಂಗ್.

ಫ್ಯೂಸಿಂಗ್ ಇದೆ ಎಂಬ ಒಂದೇ ಕಾರಣಕ್ಕೆ ಬಿಡಬೇಕಾಗಿಲ್ಲ. ಸೊಂಟ, ತೋಳು ಹಿಡಿಸಲು ಅದು ಅಡ್ಡಿಯಲ್ಲ. ಬಿಡಬೇಕಾದದ್ದು ಅಂಟು ಬಿಟ್ಟ ಫ್ಯೂಸಿಂಗನ್ನು. ಲ್ಯಾಪೆಲ್ (ಕಾಲರಿನ ಕೆಳಗೆ ಹೊರಕ್ಕೆ ಮಡಚಿದ ಮುಂದಿನ ಅಂಚು) ಅಥವಾ ಎದೆಯ ಮೇಲೆ ಸಣ್ಣ ಸಣ್ಣ ಗುಳ್ಳೆ ಎದ್ದಂತೆ ಕಾಣುತ್ತದೆ. ಇಸ್ತ್ರಿ ಹಾಕಿದರೆ ಒಂದು ದಿನ ಅಡಗಿ ಮತ್ತೆ ಏಳುತ್ತದೆ. ಇದಕ್ಕೆ ನಿಜವಾದ ರಿಪೇರಿ ಇಲ್ಲ.

ತೂತು, ವಾಸನೆ ಇದ್ದರೆ?

ಲೈಟಿಗೆ ಎದುರಾಗಿ ಹಿಡಿದು ನೋಡಿ. ಉಣ್ಣೆ ತಿನ್ನುವ ಹುಳುವಿನ ತೂತು ಸೂಜಿಮೊನೆಯಷ್ಟೇ ಇದ್ದರೂ ಬೆಳಕು ಸೋರುತ್ತದೆ. ಕಾಲರಿನ ಕೆಳಗೆ, ಜೇಬಿನ ಮುಚ್ಚಳದ ಹಿಂದೆ ತಪ್ಪದೆ ನೋಡಬೇಕು, ಹುಳುವಿಗೆ ಕತ್ತಲೆ ಇಷ್ಟ. ಮರೆಯಲ್ಲಿ ಒಂದೆರಡು ತೂತಿದ್ದರೆ ರಫೂ ಮಾಡಿಸಬಹುದು (ಎಳೆ ನೇಯ್ದು ಮುಚ್ಚಿಸುವುದು), ಎದೆಯ ಮೇಲೆ ನಾಲ್ಕೈದಿದ್ದರೆ ಬೇಡ. ತಂದಮೇಲೆ ಡ್ರೈಕ್ಲೀನ್ ಮಾಡಿಸಿ, ಇಲ್ಲವೇ ಪ್ಲಾಸ್ಟಿಕ್ ಚೀಲದಲ್ಲಿ ಬಿಗಿಯಾಗಿ ಕಟ್ಟಿ ಮೈನಸ್ 18 ಡಿಗ್ರಿಯ ಫ್ರೀಜರಿನಲ್ಲಿ ಎರಡು ವಾರ ಇಡಿ. ಅಲ್ಲಿಯವರೆಗೆ ಮನೆಯ ಬೇರೆ ಉಣ್ಣೆ ಬಟ್ಟೆಗಳ ಜೊತೆ ಸೇರಿಸಬೇಡಿ.

ಮುಗ್ಗಲು ವಾಸನೆ ಗಾಳಿಗೆ ಹೋಗುತ್ತದೆ. ಕಂಕುಳಿನ ಲೈನಿಂಗಿಗೆ ಹಿಡಿದ ಹಳೆಯ ಬೆವರು ಡ್ರೈಕ್ಲೀನಿಗೂ ಪೂರ್ತಿ ಬಗ್ಗದೆ ಹೋಗಬಹುದು. ಅಲ್ಲಿ ಬಟ್ಟೆಯ ಬಣ್ಣವೂ ತಿರುಗಿ ಬಿರುಸಾಗಿದ್ದರೆ ಬಿಟ್ಟುಬಿಡಿ.

## ಟೈಲರ್ ಮುಂದೆ

ಸೊಂಟ ಎಷ್ಟು ಇಂಚು ಹಿಡಿಸಬಹುದು?

ಒಟ್ಟು ಸುತ್ತಳತೆಯಲ್ಲಿ 2ರಿಂದ 2.5 ಇಂಚು. ಬೆನ್ನಿನ ನಡುಹೊಲಿಗೆಯಲ್ಲಿ ಒಂದಿಷ್ಟು, ಎರಡು ಪಕ್ಕದ ಹೊಲಿಗೆಗಳಲ್ಲಿ ಒಂದಿಷ್ಟು ಹಂಚಿದಾಗ ಮಾತ್ರ ಇಷ್ಟು. ಪೂರ್ತಿ ಒಂದೇ ಹೊಲಿಗೆಯಲ್ಲಿ ತೆಗೆದರೆ ಬ್ಲೇಜರ್ ಸೊಟ್ಟಗಾಗುತ್ತದೆ.

ಹೆಚ್ಚಾದರೆ ಏನಾಗುತ್ತದೆ ಎಂದು ತಿಳಿದಿದ್ದರೆ ಎಲ್ಲಿ ನಿಲ್ಲಬೇಕೆಂದು ನಿಮಗೇ ಗೊತ್ತಾಗುತ್ತದೆ. ಪಕ್ಕದಲ್ಲಿ ಹಿಡಿಸಿದಷ್ಟೂ ಜೇಬುಗಳು ಹಿಂದಕ್ಕೆ ಸರಿಯುತ್ತವೆ. ಜೇಬಿನ ಹಿಂತುದಿಗೂ ಪಕ್ಕದ ಹೊಲಿಗೆಗೂ ನಡುವೆ ಮುಕ್ಕಾಲು ಇಂಚಾದರೂ ಉಳಿಯಬೇಕು, ಇಲ್ಲದಿದ್ದರೆ ಜೇಬು ಬೆನ್ನಿಗೆ ಹೊರಟಂತೆ ಕಾಣುತ್ತದೆ. ಮೇಲಂಟಿಸಿದ ಪ್ಯಾಚ್ ಜೇಬಾದರೆ ಇದು ಇನ್ನೂ ಎದ್ದು ಕಾಣುತ್ತದೆ. ಎರಡನೆಯದು ವೆಂಟ್, ಹಿಂಬದಿಯ ಸೀಳು. ಸೊಂಟ ಬಿಗಿಯಾಗಿ ಕೆಳಗೆ ಹಾಗೇ ಬಿಟ್ಟರೆ ಪೃಷ್ಠದ ಮೇಲೆ ಸೀಳು ಬಾಯಿ ತೆರೆದು ನಿಲ್ಲುತ್ತದೆ.

ಮೂರನೆಯದು ಕಂಕುಳು. ಹಿಡಿಸಿದ ಹೊಲಿಗೆ ಸೊಂಟದಲ್ಲೇ ಮುಗಿದರೆ ಕೆಲಸ ಸುಲಭ. ಎದೆಯೂ ದೊಗಳೆ ಎಂದು ಹೊಲಿಗೆಯನ್ನು ಕಂಕುಳಿನವರೆಗೆ ಒಯ್ದರೆ ತೋಳು ಕೂಡಿಸಿದ ಸುತ್ತು ಚಿಕ್ಕದಾಗುತ್ತದೆ, ತೋಳು ಮಾತ್ರ ಹಳೆಯ ಅಳತೆಯಲ್ಲೇ ಇರುತ್ತದೆ. ಆಗ ತೋಳಿನ ಕೆಳಭಾಗ ಬಿಚ್ಚಿ, ಅದನ್ನೂ ಹಿಡಿಸಿ ಮತ್ತೆ ಕೂಡಿಸಬೇಕು. ಮೊದಲಿನ ಲೆಕ್ಕದಲ್ಲಿ ಎದೆಯ ಹತ್ತಿರ 1.5 ಇಂಚಿಗೇ ನಿಂತದ್ದು ಇದರಿಂದ.

ಸರಿಯಾದ ಬಿಗಿ ಗೊತ್ತಾಗುವುದು ಕೈಯಿಂದ: ಗುಂಡಿ ಹಾಕಿದಾಗ ಹೊಟ್ಟೆಗೂ ಗುಂಡಿಗೂ ನಡುವೆ ಚಪ್ಪಟೆ ಅಂಗೈ ತೂರುವಷ್ಟು ಜಾಗ ಇರಬೇಕು. ಮುಷ್ಟಿ ತೂರಿದರೆ ಸಡಿಲ. ಗುಂಡಿಯ ಸುತ್ತ ಗುಣಾಕಾರದ ಚಿಹ್ನೆಯಂತೆ ಸುಕ್ಕು ಎದ್ದರೆ ವಿಪರೀತ ಬಿಗಿ.

ತೋಳು ಬೆರಳಿನವರೆಗೆ ಬರುತ್ತೆ. ಇದು ಸುಲಭದ ಕೆಲಸ ಅಲ್ವಾ?

ಬಹುಪಾಲು ಹೌದು. ತೋಳು ಮಣಿಕಟ್ಟಿನ ಮೂಳೆಯ ಹತ್ತಿರ ಮುಗಿದು, ಅಂಗಿಯ ಕಫ್ ಅರ್ಧ ಇಂಚಿನಷ್ಟು ಹೊರಗೆ ಕಂಡರೆ ಚೆಂದ. ತುದಿಯಿಂದ 1 ಇಂಚು ಏರಿಸುವುದು ಸಲೀಸು, 1.5 ಇಂಚಿನವರೆಗೂ ಹೋಗಬಹುದು, ಗುಂಡಿಗಳನ್ನೂ ಅಷ್ಟೇ ಮೇಲೆ ಸರಿಸಬೇಕು.

ತೋಳಿನ ಗುಂಡಿ ಬಿಚ್ಚಿ ನೋಡಲು ಮರೆಯಬೇಡಿ. ಕಾಜ ಬರೀ ದಾರದ ಅಲಂಕಾರವಾಗಿದ್ದರೆ ಅದನ್ನು ಬಿಚ್ಚಿ ಮೇಲೆ ಹಾಕಬಹುದು. ನಿಜವಾಗಿ ಕತ್ತರಿಸಿದ ಕಾಜವಾಗಿದ್ದರೆ ತೂತು ಸರಿಯುವುದಿಲ್ಲ. ಕೆಳಗಿಂದ ಒಂದು ಇಂಚು ತೆಗೆದರೆ ಕೊನೆಯ ಗುಂಡಿ ಅಂಚಿಗೇ ಬಂದು ಕೂರುತ್ತದೆ. ಆಗ ತೋಳನ್ನು ಭುಜದಲ್ಲಿ ಬಿಚ್ಚಿ ಮೇಲಿನಿಂದ ಗಿಡ್ಡ ಮಾಡಬೇಕು, ಅದು ದೊಡ್ಡ ಕೆಲಸ. ತೋಳು ಅಗಲವೂ ಇದ್ದರೆ ಒಳಹೊಲಿಗೆಯಲ್ಲಿ ಮೊಣಕೈಯಿಂದ ಕೆಳಗೆ ಸ್ವಲ್ಪ ಸಣ್ಣ ಮಾಡಿಸಿಕೊಳ್ಳಿ. ಸಣ್ಣ ಖರ್ಚು, ಆದರೆ ಇಡೀ ಬ್ಲೇಜರಿನ ದೊಗಳೆತನ ಅರ್ಧ ಇಳಿದಂತೆ ಕಾಣುತ್ತದೆ.

ಬ್ಲೇಜರ್ ಉದ್ದವೇ ಜಾಸ್ತಿ. ಕೆಳಗಿನಿಂದ ಕತ್ತರಿಸಿದರೆ ಆಯ್ತಲ್ಲ?

1 ಇಂಚು ಆಗುತ್ತದೆ. 1.5 ದಾಟಿದರೆ ಅನುಪಾತ ಕೆಡುತ್ತದೆ: ಜೇಬೂ ಗುಂಡಿಯೂ ಇದ್ದಲ್ಲೇ ಇದ್ದು ಅಂಚು ಮಾತ್ರ ಮೇಲೇರುವುದರಿಂದ, ಜೇಬು ಕೆಳಗೆ ಜಾರಿ ಬಿದ್ದಂತೆ ಕಾಣುತ್ತದೆ. ಮುಂದಿನ ದುಂಡು ಮೂಲೆಯನ್ನೂ ಹೊಸದಾಗಿ ತಿದ್ದಬೇಕು, ವೆಂಟ್ ಗಿಡ್ಡವಾಗುತ್ತದೆ. ಸಾಂಪ್ರದಾಯಿಕ ಅಳತೆಯಲ್ಲಿ ಬ್ಲೇಜರ್ ಪೃಷ್ಠವನ್ನು ಅಂತೂಇಂತೂ ಮುಚ್ಚಿ ನಿಲ್ಲಬೇಕು, ಕುತ್ತಿಗೆಯ ಬುಡದಿಂದ ನೆಲದವರೆಗಿನ ದೂರದ ಅರ್ಧಕ್ಕೆ ಹತ್ತಿರ. ಅದಕ್ಕಿಂತ 2 ಇಂಚು ಉದ್ದವಿದ್ದರೆ ಕತ್ತರಿಯಿಂದ ಉಪಯೋಗವಿಲ್ಲ.

ಭುಜ ಸಣ್ಣ ಮಾಡಿಕೊಡ್ತೀನಿ ಅಂತ ಟೈಲರ್ ಹೇಳ್ತಿದ್ದಾರೆ. ನಂಬಲಾ?

ಮಾಡಲಾಗದ ಕೆಲಸವಲ್ಲ, ಎಲ್ಲರ ಕೈಗೆ ಒಗ್ಗುವ ಕೆಲಸವೂ ಅಲ್ಲ. ತೋಳು ಪೂರ್ತಿ ಬಿಚ್ಚಬೇಕು, ಲೈನಿಂಗ್ ಬಿಚ್ಚಬೇಕು, ಪ್ಯಾಡ್ ತೆಗೆದು ಕತ್ತರಿಸಬೇಕು, ಭುಜದ ಅಂಚನ್ನು ಹೊಸ ಬಳುಕಿನಲ್ಲಿ ಕತ್ತರಿಸಬೇಕು, ತೋಳಿನ ತಲೆಭಾಗವನ್ನು ಆ ಹೊಸ ಸುತ್ತಿಗೆ ಸರಿಯಾಗಿ ಸುರುಟಿ ಕೂಡಿಸಬೇಕು. ತೋಳು ಸ್ವಲ್ಪ ಮುಂದೆಯೋ ಹಿಂದೆಯೋ ತಿರುಗಿ ಕೂತರೆ ಉದ್ದಕ್ಕೂ ಓರೆ ಸುಕ್ಕು ಬಂದು, ಇಸ್ತ್ರಿಗೂ ಹೋಗುವುದಿಲ್ಲ.

ಟೈಲರನ್ನು ಮೂರು ಮಾತು ಕೇಳಿ. ತೋಳು ಬಿಚ್ಚುತ್ತೀರಾ? ನಡುವೆ ಕಚ್ಚಾ ಹೊಲಿಗೆ ಹಾಕಿ ಒಮ್ಮೆ ತೊಡಿಸಿ ನೋಡುತ್ತೀರಾ? ಹಿಂದೆ ಮಾಡಿದ್ದು ತೋರಿಸುತ್ತೀರಾ? ‘ತೋಳು ಬಿಚ್ಚೋದೇನೂ ಬೇಡ, ಮೇಲೆ ಒಂದು ಹೊಲಿಗೆ ಹಾಕ್ತೀನಿ’ ಎಂದರೆ ಬ್ಲೇಜರ್ ಮಡಚಿಕೊಂಡು ಎದ್ದು ಬನ್ನಿ. ಅಪರೂಪದ ಬಟ್ಟೆ, ಪೂರ್ತಿ ಕ್ಯಾನ್ವಾಸ್, ಉಳಿದ ಅಳತೆಯೆಲ್ಲ ಸರಿ, ಒಂದೊಂದು ಕಡೆ ಅರ್ಧ ಇಂಚು ಮಾತ್ರ ಹೆಚ್ಚು: ಇಷ್ಟೂ ಕೂಡಿ ಬಂದಾಗ ಮಾತ್ರ ಈ ಖರ್ಚಿಗೆ ಅರ್ಥವಿದೆ.

ಶೋಲ್ಡರ್ ಪ್ಯಾಡ್ ತೆಗೆಸಿಬಿಟ್ಟರೆ ಭುಜ ಸಣ್ಣ ಆಗಲ್ವಾ?

ಆಗುವುದಿಲ್ಲ. ಅಗಲ ಅಷ್ಟೇ ಇರುತ್ತದೆ, ಎತ್ತರ ಇಳಿಯುತ್ತದೆ. ಪ್ಯಾಡಿನ ಎತ್ತರಕ್ಕೆ ಕತ್ತರಿಸಿದ ಬಟ್ಟೆ ಆಸರೆ ಇಲ್ಲದೆ ತೋಳಿನ ಮೇಲೆ ಜೋತುಬೀಳುತ್ತದೆ. 1980ರ ದಶಕದ ದಪ್ಪ ಪ್ಯಾಡಿನ ಬ್ಲೇಜರಾದರೆ, ಅರ್ಧ ಇಂಚಿನದನ್ನು ತೆಗೆದು ಕಾಲಿಂಚಿನದು ಹಾಕಿಸಿ. ಬಿರುಸು ಕಡಿಮೆಯಾಗಿ, ಆಕಾರವೂ ಉಳಿಯುತ್ತದೆ.

ಕಾಲರ್ ಹಿಂದೆ ಕುತ್ತಿಗೆಗೆ ತಾಗದೆ ಬಾಯಿ ಬಿಟ್ಟುಕೊಂಡಿದೆ. ಸರಿಹೋಗುತ್ತಾ?

ಅಂತರ ಅರ್ಧ ಇಂಚಿನ ಒಳಗಿದ್ದರೆ ಸಾಮಾನ್ಯವಾಗಿ ಸರಿಹೋಗುತ್ತದೆ. ಕಾಲರ್ ಬಿಚ್ಚಿ, ಬೆನ್ನಿನ ನಡುಹೊಲಿಗೆಯ ಮೇಲ್ತುದಿ ಹಿಡಿಸಿ, ಕಾಲರನ್ನು ಅಷ್ಟೇ ಗಿಡ್ಡ ಮಾಡಿ ಕೂಡಿಸುತ್ತಾರೆ. ಕಾಲರಿನ ಕೆಳಗೆ ಅಡ್ಡಡ್ಡ ಮಡಿಕೆ ಬೀಳುತ್ತಿದ್ದರೆ ಅದು ಬೇರೆ ದೋಷ: ಬೆನ್ನಿನ ಬಟ್ಟೆ ಉದ್ದವಾಗಿದೆ. ಕಾಲರನ್ನು ತುಸು ಕೆಳಗಿಳಿಸಿ ಕೂಡಿಸಿದರೆ ಮಡಿಕೆ ಹೋಗುತ್ತದೆ. ಎರಡಕ್ಕೂ ಮೊದಲು ನೆಟ್ಟಗೆ ನಿಂತು, ಬಗ್ಗಿ ನಿಂತು, ಎರಡು ಸಲ ನೋಡಿ. ನಿಲುವು ಬದಲಾದೊಡನೆ ಅಂತರ ಹೋದರೆ ತಪ್ಪು ಬ್ಲೇಜರಿನದಲ್ಲ.

ಹಲವು ಕೆಲಸ ಇದ್ದರೆ ಯಾವುದು ಮೊದಲು? ಫಿಟಿಂಗ್‌ಗೆ ಹೇಗೆ ಹೋಗಬೇಕು?

ಎಲ್ಲಕ್ಕಿಂತ ಮೊದಲು ಡ್ರೈಕ್ಲೀನ್. ಕಲೆಯ ಮೇಲೆ ಇಸ್ತ್ರಿ ಬಿದ್ದರೆ ಕಲೆ ಕಾಯಂ. ಹೊಲಿಸಿದ ಮೇಲೆ ಬಟ್ಟೆ ಕುಗ್ಗಿದರೆ ಮಾಡಿಸಿದ ಅಳತೆ ವ್ಯರ್ಥ. ಆಮೇಲೆ ಭುಜ, ಕಾಲರ್, ಪಕ್ಕ ಮತ್ತು ಬೆನ್ನು, ಕೊನೆಗೆ ತೋಳು ಮತ್ತು ಉದ್ದ. ಭುಜ ಒಳಗೆ ಸರಿದರೆ ತೋಳೂ ಮೇಲೇರುತ್ತದೆ, ಮೊದಲೇ ತೋಳು ಗಿಡ್ಡ ಮಾಡಿಸಿದ್ದರೆ ಮಣಿಕಟ್ಟು ಬಯಲು.

ಒಳಗೆ ಯಾವ ಅಂಗಿಯೋ ಸ್ವೆಟರೋ ಹಾಕುವಿರೋ ಅದನ್ನೇ ಹಾಕಿಕೊಂಡು ಹೋಗಿ. ಜೇಬು ಖಾಲಿ ಇರಲಿ. ಪಿನ್ ಹಾಕುವಾಗ ಹೊಟ್ಟೆ ಒಳಗೆಳೆದುಕೊಂಡು ನಿಲ್ಲಬೇಡಿ. ಪಿನ್ ಹಾಕಿದ ಮೇಲೆ ಕೂತು, ಕೈ ಮುಂದೆ ಚಾಚಿ, ಎರಡು ಹೆಜ್ಜೆ ನಡೆದು ನೋಡಿ. ‘ಸ್ವಲ್ಪ ಟೈಟ್ ಮಾಡಿ’ ಎಂದರೆ ಆ ಸ್ವಲ್ಪ ಎಷ್ಟೆಂದು ಟೈಲರೇ ಊಹಿಸಬೇಕಾಗುತ್ತದೆ. ‘ಸೊಂಟದಲ್ಲಿ ಒಟ್ಟು 2 ಇಂಚು, ಎದೆ ಮುಟ್ಟಬೇಡಿ’ ಎಂದು ಹೇಳಿ.

## ಸಿಕ್ಕು ಜಾಸ್ತಿ ಇರುವ ಪ್ರಶ್ನೆಗಳು

ಕೈ ಎತ್ತಿದರೆ ಇಡೀ ಬ್ಲೇಜರೇ ಮೇಲೆ ಬರುತ್ತೆ. ದೊಗಳೆ ಇದ್ದೂ ಹೀಗ್ಯಾಕೆ?

ಕಂಕುಳಿನ ಸುತ್ತು ಕೆಳಗಿದೆ. ತೋಳು ದೇಹಕ್ಕೆ ಕೂಡುವ ಜಾಗ ನಿಮ್ಮ ಕಂಕುಳಿಗೆ ಹತ್ತಿರವಿದ್ದಷ್ಟೂ ಕೈ ಸ್ವತಂತ್ರ. ಎರಡು ಇಂಚು ಕೆಳಗಿದ್ದರೆ ಕೈ ಎತ್ತಿದಾಗ ಪಕ್ಕದ ಬಟ್ಟೆಯನ್ನೂ ಎಳೆದುಕೊಂಡೇ ಏಳುತ್ತದೆ. ಅದನ್ನು ಮೇಲೇರಿಸಲು ಅಲ್ಲಿ ಬಟ್ಟೆಯೇ ಇಲ್ಲ, ಕತ್ತರಿಸಿ ಹೋಗಿದೆ. ಪಕ್ಕ ಹಿಡಿಸಿದರೆ ದೋಷ ಇನ್ನೂ ಹೆಚ್ಚು ತಿಳಿಯುತ್ತದೆ, ಮೊದಲು ಇದ್ದ ಸಡಿಲವೂ ಹೋಯಿತಲ್ಲ.

ಗಂಡಸರ ಬ್ಲೇಜರನ್ನು ನನ್ನ ಅಳತೆಗೆ ಮಾಡಿಸಿಕೊಳ್ಳಬಹುದಾ? ನಾನು ಹುಡುಗಿ.

ಬಹುದು, ಆದರೆ ಭುಜದ ಜೊತೆ ಸೊಂಟದ ಕೆಳಗೂ ನೋಡಬೇಕು. ಗಂಡಸರ ಬ್ಲೇಜರ್ ಮೇಲೆ ಅಗಲ, ಕೆಳಗೆ ನೇರ. ಭುಜದಲ್ಲಿ ದೊಗಳೆಯಾದದ್ದೇ ಪೃಷ್ಠದಲ್ಲಿ ಬಿಗಿಯಾಗಬಹುದು. ಗುಂಡಿ ಹಾಕಿ ಕೂತು ನೋಡಿ, ವೆಂಟ್ ಬಾಯಿ ತೆರೆದರೆ ಕೆಳಗೆ ಬಿಡಿಸಲು ಹೊಲಿಗೆಯೊಳಗೆ ಬಟ್ಟೆ ಇದೆಯೇ ಎಂದು ಮುಟ್ಟಿ ನೋಡಿ. ಎದೆಯ ಭಾಗ ಸಪಾಟಾಗಿರುವುದರಿಂದ ಲ್ಯಾಪೆಲ್ ಹೊರಗೆ ಬಾಗಬಹುದು. ಮುಂದಿನ ಡಾರ್ಟ್ (ಆಕಾರಕ್ಕಾಗಿ ಮೊನಚಾಗಿ ಮಡಚಿ ಹೊಲಿದ ಮಡಿಕೆ) ಒಂದೊಂದು ಕಡೆ ಕಾಲಿಂಚು ಆಳ ಮಾಡಿಸಿದರೆ ತಕ್ಕಮಟ್ಟಿಗೆ ಕೂರುತ್ತದೆ. ಬೆನ್ನಿನಲ್ಲಿ ಎರಡು ಲಂಬ ಡಾರ್ಟ್ ಹಾಕಿಸಿದರೆ ಪಕ್ಕದ ಹೊಲಿಗೆ ಮುಟ್ಟದೆಯೇ ಸೊಂಟ ಕಾಣುತ್ತದೆ, ಜೇಬು ಸರಿಯುವ ಚಿಂತೆ ಇಲ್ಲ. ಗುಂಡಿ ಬಲಕ್ಕೋ ಎಡಕ್ಕೋ ಎಂಬುದರ ಗೊಡವೆ ಬೇಡ.

ಡಬಲ್ ಬ್ರೆಸ್ಟೆಡ್ ಆದರೆ?

ಮುಂಭಾಗ ಒಂದರ ಮೇಲೊಂದು ಅಗಲವಾಗಿ ಬಂದು ಎರಡು ಸಾಲು ಗುಂಡಿ ಇರುವ ಬ್ಲೇಜರ್ ಅದು. ಗುಂಡಿ ಸರಿಸಿ ಸ್ವಲ್ಪ ಬಿಗಿ ಮಾಡಬಹುದು, ಅರ್ಧ ಇಂಚಿನಷ್ಟು. ಎರಡು ಸಾಲೂ ಎದೆಯ ನಡುಗೆರೆಯಿಂದ ಸಮದೂರ ಇರಬೇಕಾದ್ದರಿಂದ ಒಂದನ್ನು ಸರಿಸಿದರೆ ಇನ್ನೊಂದನ್ನೂ ಸರಿಸಬೇಕು, ಒಳಗಿನ ಗುಪ್ತ ಗುಂಡಿಯನ್ನೂ. ಅದಕ್ಕಿಂತ ಹೆಚ್ಚು ಬೇಕಿದ್ದರೆ ಪಕ್ಕದಲ್ಲಿ ಹಿಡಿಸಬೇಕು.

ಚೌಕಳಿ ಬಟ್ಟೆ, ಗೆರೆ ಬಟ್ಟೆಗೆ ತೊಂದರೆ ಇದೆಯಾ?

ಇದೆ. ಬೆನ್ನಿನ ನಡುಹೊಲಿಗೆಯಲ್ಲಿ ಹಿಡಿಸಿದಾಗ ಗೆರೆಗಳು ಸೊಂಟದ ಹತ್ತಿರ ಕೊರಳು ಕೂಡಿಸಿಕೊಂಡಂತೆ ಬಾಗುತ್ತವೆ. ದೊಡ್ಡ ಚೌಕಳಿಯಾದರೆ ಅರ್ಧ ಚೌಕವೇ ಹೊಲಿಗೆಯೊಳಗೆ ಮಾಯವಾಗುತ್ತದೆ. ಪಕ್ಕದಲ್ಲಿ ಮಾತ್ರ 1 ಇಂಚಿನವರೆಗೆ ತೆಗೆಸಿ ಸುಮ್ಮನಾಗಿ. ವೆಲ್ವೆಟ್, ಚರ್ಮ ಇವುಗಳಲ್ಲಿ ಸೂಜಿಯ ತೂತು ಉಳಿಯುತ್ತದೆ. ಹಿಡಿಸಿದರೆ ತೂತು ಒಳಗೆ ಅಡಗುತ್ತದೆ, ಬಿಡಿಸಿದರೆ ಹೊರಗೆ ಬೀಳುತ್ತದೆ.

ಕೊನೆಗೆ ಲೆಕ್ಕ ಹೇಗೆ ಹಾಕೋದು? ಹೊಲಿಸುವ ಖರ್ಚು ಬ್ಲೇಜರ್ ಬೆಲೆಗಿಂತ ಜಾಸ್ತಿ ಆಗ್ತಿದೆ.

ಅದರಲ್ಲಿ ತಪ್ಪೇನಿಲ್ಲ. ಹೋಲಿಸಬೇಕಾದದ್ದು ನೀವು ಕೊಟ್ಟ ಬೆಲೆಯ ಜೊತೆ ಅಲ್ಲ, ಅದೇ ಗುಣಮಟ್ಟದ ಹೊಸ ಬ್ಲೇಜರಿನ ಬೆಲೆಯ ಜೊತೆ. ಕೊಂಡದ್ದು, ಡ್ರೈಕ್ಲೀನ್, ಹೊಲಿಗೆ ಎಲ್ಲ ಸೇರಿ ಹೊಸದರ ಅರ್ಧದೊಳಗೆ ಬಂದರೆ ಮಾಡಿಸಿ. ಅಗ್ಗದ ಪಾಲಿಯೆಸ್ಟರ್ ಬ್ಲೇಜರಿಗೆ ಈ ಲೆಕ್ಕ ಬಹುತೇಕ ಯಾವತ್ತೂ ಕೂಡಿಬರುವುದಿಲ್ಲ, ಒಳ್ಳೆಯ ಉಣ್ಣೆಗೆ ಸಲೀಸಾಗಿ ಕೂಡಿಬರುತ್ತದೆ.

ಖರ್ಚು ಎಂದರೆ ಟೈಲರ್ ಕೂರುವ ಸಮಯ. ಗುಂಡಿ ಸರಿಸಲು ಹತ್ತು ಹದಿನೈದು ನಿಮಿಷ. ತೋಳಿನ ತುದಿಗೆ ಒಂದು ಗಂಟೆ. ಪಕ್ಕ ಮತ್ತು ಬೆನ್ನಿಗೆ, ಲೈನಿಂಗ್ ಸೇರಿ, ಎರಡು ಗಂಟೆ. ಭುಜಕ್ಕೆ ಅರ್ಧ ದಿನಕ್ಕೂ ಹೆಚ್ಚು. ಲೈನಿಂಗ್ ಪೂರ್ತಿ ಬದಲಿಸಲು ಒಂದು ದಿನವೇ ಹೋಗಬಹುದು. ಕೆಲಸದ ಪಟ್ಟಿಯಲ್ಲಿ ಮೂರಕ್ಕಿಂತ ಹೆಚ್ಚು ಸಾಲು ಇದ್ದರೆ, ಅಥವಾ ಕೊನೆಯ ಎರಡರಲ್ಲಿ ಒಂದಿದ್ದರೆ, ಇನ್ನೊಂದು ಬ್ಲೇಜರ್ ಹುಡುಕುವುದೇ ಲೇಸು.

ದೊಗಳೆಯಾಗಿಯೇ ಹಾಕಿಕೊಂಡರೆ ಏನಾಗುತ್ತೆ?

ಚೆನ್ನಾಗಿಯೇ ಕಾಣಬಹುದು. ಎಷ್ಟೋ ಸಲ ಇದೇ ಸರಿಯಾದ ಉತ್ತರ. ಎರಡು ಸೈಜ್ ದೊಡ್ಡದನ್ನು ಮೈಗಂಟುವ ಬ್ಲೇಜರ್ ಮಾಡಲು ಹೊರಟರೆ ಎರಡೂ ಅಲ್ಲದ ವಸ್ತುವೊಂದು ಕೈಗೆ ಬರುತ್ತದೆ: ಸೊಂಟ ಬಿಗಿ, ಭುಜ ಜೋತು. ಅದರ ಬದಲು ಭುಜ ಇಳಿಯಲಿ, ಮೈ ಸಡಿಲವಾಗಿರಲಿ, ತೋಳಿನ ಉದ್ದ ಮಾತ್ರ ಸರಿ ಮಾಡಿಸಿ. ಬೇಕೆಂದೇ ದೊಗಳೆ ಹಾಕಿದ್ದಕ್ಕೂ ಗತಿಯಿಲ್ಲದೆ ಹಾಕಿದ್ದಕ್ಕೂ ಇರುವ ವ್ಯತ್ಯಾಸ ಬಹುಪಾಲು ಮಣಿಕಟ್ಟಿನಲ್ಲಿದೆ. ಭುಜ ಇಳಿಬಿದ್ದರೆ ತೋಳೂ ಕೆಳಗೆ ಬಂದಿರುತ್ತದೆ ಎನ್ನುವುದನ್ನು ಮರೆಯದೆ ತೊಟ್ಟುಕೊಂಡೇ ಅಳತೆ ಕೊಡಿ. ಪ್ಯಾಡ್ ಮೆತ್ತಗಿರುವ ಬ್ಲೇಜರಿಗೆ ಇದು ಒಪ್ಪುತ್ತದೆ, ಬಿರುಸು ಪ್ಯಾಡಿನದು ಹ್ಯಾಂಗರ್ ಸಮೇತ ಹಾಕಿಕೊಂಡಂತೆ ಕಾಣುತ್ತದೆ.

ಮನೆಯಲ್ಲೇ ಏನು ಮಾಡಿಕೊಳ್ಳಬಹುದು?

ಗುಂಡಿ ಸರಿಸುವುದು. ಮುಂದಿನ ಗುಂಡಿಯನ್ನು ಅರ್ಧ ಇಂಚು ಒಳಗೆ ಸರಿಸಿದರೆ ಸೊಂಟ ಅಷ್ಟು ಬಿಗಿಯಾಗುತ್ತದೆ. ಅದಕ್ಕಿಂತ ಹೆಚ್ಚು ಬೇಡ, ಮುಂಭಾಗ ಓರೆಯಾಗುತ್ತದೆ. ಹೊಲಿಯುವಾಗ ಗುಂಡಿಯ ಮೇಲೆ ಬೆಂಕಿಕಡ್ಡಿ ಅಡ್ಡ ಇಟ್ಟು ಅದರ ಮೇಲೆ ದಾರ ಹಾಯಿಸಿ, ಕಡ್ಡಿ ಎಳೆದು, ಗುಂಡಿಯ ಕೆಳಗೆ ಉಳಿದ ದಾರಕ್ಕೆ ನಾಲ್ಕೈದು ಸುತ್ತು ಬಿಗಿದು ಗಂಟು ಹಾಕಿ. ಈ ಕುತ್ತಿಗೆ ಇಲ್ಲದಿದ್ದರೆ ಮೇಲಿನ ಬಟ್ಟೆಯ ದಪ್ಪಕ್ಕೆ ಜಾಗ ಸಾಲದೆ ಗುಂಡಿ ಬಟ್ಟೆಯನ್ನು ಹೀರಿಕೊಂಡಂತೆ ಕೂರುತ್ತದೆ.

ಹಿಡಿಸುವುದರ ರುಚಿ ನೋಡಲು ಬೆನ್ನಿನ ನಡುವೆ ಉದ್ದಕ್ಕೆ ಮಡಿಕೆ ಹಿಡಿದು ಬಟ್ಟೆ ಒಣಗಿಸುವ ಕ್ಲಿಪ್ ಹಾಕಿ ಕನ್ನಡಿ ಮುಂದೆ ನಿಲ್ಲಿ. ಮಡಿಕೆ 1 ಇಂಚು ಆಳವಿದ್ದರೆ ಸುತ್ತಳತೆಯಲ್ಲಿ 2 ಇಂಚು ಹೋಯಿತು. ಅಷ್ಟಕ್ಕೇ ಚೆನ್ನಾಗಿ ಕಂಡರೆ ಟೈಲರ್ ಹತ್ತಿರ ಹೋಗಿ. ಇನ್ನೂ ಮಡಿಕೆ ಬೇಕು ಅನಿಸಿದರೆ ಬ್ಲೇಜರ್ ವಾಪಸ್ ಇಡಿ.

ಮುಂದೆ ನಾನು ದಪ್ಪ ಆದರೆ ಮತ್ತೆ ಬಿಡಿಸಬಹುದಾ?

ಕತ್ತರಿಸದಿದ್ದರೆ. ಹಿಡಿಸಿದ ಬಟ್ಟೆಯನ್ನು ಒಳಗೇ ಮಡಚಿ ಬಿಡಿ ಎಂದು ಟೈಲರಿಗೆ ಮೊದಲೇ ಹೇಳಬೇಕು. ಕೇಳದಿದ್ದರೆ ಕೆಲವರು ಅಂಚು ಚೊಕ್ಕವಾಗಲಿ ಎಂದು ಕತ್ತರಿಸಿಬಿಡುತ್ತಾರೆ. ಒಂದೊಂದು ಹೊಲಿಗೆಯೊಳಗೆ 1 ಇಂಚಿನವರೆಗೆ ಉಳಿದರೆ ಹೊರಗೆ ಉಬ್ಬು ಕಾಣುವುದಿಲ್ಲ. ಲೈನಿಂಗಿನ ಬೆನ್ನಿನ ನಡುವೆ ಉದ್ದಕ್ಕೊಂದು ನೆರಿಗೆ ಇರುತ್ತದೆ, ಅದನ್ನೂ ಮುಟ್ಟಬೇಡಿ ಎನ್ನಿ. ಸಡಿಲ ಕಂಡಿತೆಂದು ಅದನ್ನು ಹೊಲಿದು ಮುಚ್ಚಿದರೆ, ಕೈ ಮುಂದೆ ಚಾಚಿದಾಗ ಎಳೆತವೆಲ್ಲ ಲೈನಿಂಗಿನ ಮೇಲೆ ಬಿದ್ದು ತೋಳು ಕೂಡುವಲ್ಲಿ ಹರಿಯುತ್ತದೆ.